ಮಾತಾಡಿಕೊಂಡು ತುಳಿಯುವಷ್ಟು ವೇಗ

ಬೆಳಗಾವಿ ಜಿಲ್ಲೆಯ ಉತ್ತರದ ತುದಿಯಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲೂಕುಗಳು ಒಂದಕ್ಕೊಂದು ಒತ್ತಿಕೊಂಡು ಕೂತಿವೆ. ಗಡಿ ದಾಟಿದರೆ ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ. ನಡುವೆ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು. ಎರಡೂ ಬದಿಗೆ ಕಬ್ಬಿನ ಗದ್ದೆ. ಅಲ್ಲಿನ ಜನ ಕನ್ನಡದಲ್ಲಿ ಮಾತು ಶುರು ಮಾಡಿ ಮರಾಠಿಯಲ್ಲಿ ಮುಂದುವರಿಸಿ ದಖನಿ ಉರ್ದುವಿನಲ್ಲಿ ಮುಗಿಸಿದರೂ ಯಾರೂ ಆಶ್ಚರ್ಯಪಡುವುದಿಲ್ಲ. ನಮ್ಮಲ್ಲಿ ಬ್ಯಾರಿ, ತುಳು, ಕನ್ನಡ ಒಂದೇ ಉಸಿರಿಗೆ ಬರುವ ಹಾಗೆ.

ಆ ಸೀಮೆಯಲ್ಲಿ ಬೆಳಗಿನ ಹೊತ್ತು ಸೈಕಲ್ ತುಳಿಯುವವರ ಸಣ್ಣ ಸಣ್ಣ ಗುಂಪುಗಳಿವೆ. ಸುಬಹಿ ನಮಾಝ್ ಮುಗಿಸಿ ಬಂದವರು, ಹಾಲು ಕರೆದು ಡೇರಿಗೆ ಹಾಕಿ ಬಂದವರು, ಶಾಲೆಯ ಗಂಟೆ ಹೊಡೆಯುವುದರೊಳಗೆ ಮನೆ ಸೇರಬೇಕಾದ ಮಾಸ್ತರರು ಹೀಗೆ ನಾಲ್ಕೈದು ಜನ ಸೇರುತ್ತಾರೆ. ಒಂದು ತಾಸು ತುಳಿಯುವುದು, ಅರ್ಧ ತಾಸು ಚಹಾದಂಗಡಿ ಮುಂದೆ ನಿಂತು ಮಾತಾಡುವುದು. ಇದರಲ್ಲಿ ಮುಖ್ಯ ಯಾವುದು ಎಂದು ಅವರನ್ನು ಕೇಳಿದರೆ ಜಗಳವೇ ಆದೀತು. ನಮ್ಮ ಪ್ರಕಾರ ಎರಡೂ ಒಂದೇ ಕೆಲಸ. ಹಾಗೆ ಹೇಳಲು ಕಾರಣವನ್ನು ಮುಂದೆ ಹೇಳುತ್ತೇವೆ.

ಈ ಪುಟದ ಓದುಗರು ಕರಾವಳಿಯವರು. ಎಲ್ಲಿಯ ಅಥಣಿ, ಎಲ್ಲಿಯ ಉಳ್ಳಾಲ ಎಂದು ಕೇಳಬಹುದು. ಉತ್ತರ ನಮ್ಮ ಮನೆಗಳ ಒಳಗೇ ಉಂಟು.

ನಿಪ್ಪಾಣಿ ನಮಗೆ ದೂರದ ಊರಲ್ಲ

ದೇಶದಲ್ಲಿ ಬೀಡಿಗೆ ಬೇಕಾದ ಹೊಗೆಸೊಪ್ಪು ಮುಖ್ಯವಾಗಿ ಬೆಳೆಯುವುದು ಎರಡು ಕಡೆ. ಒಂದು ಗುಜರಾತಿನ ಚರೋತರ್, ಇನ್ನೊಂದು ನಿಪ್ಪಾಣಿ ಸೀಮೆ. ಅಲ್ಲಿ ಒಣಗಿ ಪುಡಿಯಾದ ಸೊಪ್ಪು ಗೋಣಿಯಲ್ಲಿ ತುಂಬಿ ಘಟ್ಟ ಇಳಿದು ಮಂಗಳೂರಿಗೆ ಬರುತ್ತಿತ್ತು. ಮಂಗಳೂರಿನ ಬೀಡಿ ಕಂಪೆನಿಗಳಿಂದ ಬ್ರಾಂಚಿಗೆ, ಬ್ರಾಂಚಿನಿಂದ ನಮ್ಮ ಉಮ್ಮಂದಿರ ಮಡಿಲಿನ ಗೆರಸೆಗೆ. ಎಲೆ ಕತ್ತರಿಸಿ, ಚಿಟಿಕೆ ಸೊಪ್ಪು ಹಾಕಿ, ಸುರುಳಿ ಸುತ್ತಿ, ನೂಲು ಕಟ್ಟಿ ಎಷ್ಟೋ ಬ್ಯಾರಿ ಮನೆಗಳ ಅಕ್ಕಿ, ಮಕ್ಕಳ ಫೀಸು, ಹೆಣ್ಣುಮಕ್ಕಳ ಮದುವೆಯ ಚಿನ್ನ ಅದೇ ಗೆರಸೆಯಿಂದ ಹುಟ್ಟಿದ್ದು. ಆ ಸೊಪ್ಪಿನ ದೂಳು ಎಷ್ಟೋ ಜನರ ಎದೆಗೂ ಇಳಿಯಿತು. ಅದನ್ನೂ ಮರೆಯಬಾರದು.

ಅದೇ ಸೊಪ್ಪಿಗೆ ನ್ಯಾಯದ ಬೆಲೆ ಬೇಕು ಎಂದು 1981ರಲ್ಲಿ ನಿಪ್ಪಾಣಿಯ ರೈತರು ಶರದ್ ಜೋಶಿ ಅವರ ನೇತೃತ್ವದಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲೇ ಕೂತರು. ಪೊಲೀಸರ ಗೋಲಿಬಾರಿನಲ್ಲಿ ರೈತರು ಪ್ರಾಣ ಕಳಕೊಂಡರು. ಸೊಪ್ಪು ಬೆಳೆದವನಿಗೂ ಬೀಡಿ ಕಟ್ಟಿದವಳಿಗೂ ಕೈಗೆ ಸಿಕ್ಕಿದ್ದು ಕಡಿಮೆಯೇ. ನಡುವಿನವರು ಮಾತ್ರ ಬೆಳೆದರು.

ಇನ್ನು ಸೈಕಲ್. ಕಟ್ಟಿದ ಬೀಡಿಯನ್ನು ಚೀಲದಲ್ಲಿ ತುಂಬಿ ಬ್ರಾಂಚಿನಿಂದ ಡಿಪೋಗೆ ಸಾಗಿಸುತ್ತಿದ್ದದ್ದು ಸೈಕಲಿನ ಕ್ಯಾರಿಯರ್ ಮೇಲೆ. ಹಿಂದೆ ಮೀನಿನ ಬುಟ್ಟಿ ಕಟ್ಟಿ, ಹಾರ್ನ್ ಒತ್ತುತ್ತಾ ಗುಡ್ಡೆ ಹತ್ತಿ ಇಳಿಯುತ್ತಿದ್ದ ನಮ್ಮ ಕಾಕಂದಿರ ಬಂಡವಾಳವೂ ಸೈಕಲೇ. ಗುಜರಿ ಹೆಕ್ಕುವವರು, ಐಸ್‌ಕ್ಯಾಂಡಿ ಮಾರುವವರು, ಬಟ್ಟೆ ಗಂಟು ಹೊತ್ತು ಮನೆಮನೆಗೆ ಹೋಗುವವರು ಎಲ್ಲರದ್ದೂ ಅದೇ ಕಥೆ. ಮುಂದೆ ಗಲ್ಫಿಗೆ ಹೋದ ಹುಡುಗರೂ ಬಕಾಲದ ಸಾಮಾನನ್ನು ಸೈಕಲಿನಲ್ಲಿಟ್ಟು ಉರಿಬಿಸಿಲಲ್ಲಿ ಫ್ಲ್ಯಾಟಿನಿಂದ ಫ್ಲ್ಯಾಟಿಗೆ ತಲುಪಿಸಿದರು. ನಮ್ಮ ಎಷ್ಟೋ ಮನೆಗಳ ಟೆರೇಸು ಎದ್ದದ್ದು ಆ ಪೆಡಲಿನ ಮೇಲೆ. ಟೆರೇಸು ಎದ್ದ ಮೇಲೆ ನಾವು ಮೊದಲು ಮಾಡಿದ ಕೆಲಸ ಸೈಕಲನ್ನು ಗುಜರಿಗೆ ಕೊಟ್ಟದ್ದು. ಅದು ಬಡವರ ಗಾಡಿ ಎಂದು ನಮಗೆ ಅನಿಸತೊಡಗಿತ್ತು.

ಒಂದು ಸೈಕಲ್ ಅಂಗಡಿಯ ಕಥೆ

ಬೆಳಗಾವಿ ಸೀಮೆಯವರು ಸೈಕಲನ್ನು ಅಷ್ಟು ಸುಲಭಕ್ಕೆ ಕೀಳು ಮಾಡುವುದಿಲ್ಲ. ಅವರ ನೆಲದ ದೊಡ್ಡ ಉದ್ಯಮದ ಕಥೆ ಶುರುವಾಗುವುದೇ ಸೈಕಲ್ ಅಂಗಡಿಯಿಂದ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅಣ್ಣನ ಜತೆ ಸೇರಿ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಮಾರುವ, ರಿಪೇರಿ ಮಾಡುವ ಅಂಗಡಿ ಇಟ್ಟರು. ಗಾಳಿ ತುಂಬುವ ರಬ್ಬರ್ ಟಯರಿಗೆ ಡನ್ಲಪ್ ಪೇಟೆಂಟ್ ಪಡೆದದ್ದೂ ಅದೇ 1888ರಲ್ಲಿ. ಲೋಕಕ್ಕೇ ಸೈಕಲ್ ಹೊಸತಾಗಿದ್ದ ಕಾಲ ಅದು.

ಸೈಕಲಿನ ನಟ್ಟು ಬೋಲ್ಟು ಬಿಚ್ಚಿ ಕಟ್ಟಿದ ಕೈಗಳೇ ಮುಂದೆ ಕಬ್ಬಿಣದ ನೇಗಿಲು ಮಾಡಿದವು. ಮರದ ನೇಗಿಲಿಗೆ ಒಗ್ಗಿದ ರೈತರು ಮೊದಮೊದಲು ಅದನ್ನು ಮುಟ್ಟಲೇ ಇಲ್ಲ. ಕಬ್ಬಿಣ ತಾಗಿದರೆ ನೆಲ ಕೆಡುತ್ತದೆ ಎಂಬ ಭಯ. 1910ರಲ್ಲಿ ಔಂಧ್ ಸಂಸ್ಥಾನದ ರಾಜರು ಕೊಟ್ಟ ಬರಡು ಜಾಗದಲ್ಲಿ ಕಾರ್ಖಾನೆ ಎದ್ದಿತು. ಆ ಊರು ಈಗ ಕಿರ್ಲೋಸ್ಕರವಾಡಿ. ಕಾಗವಾಡದ ಆಚೆ ಮಿರಜಿನಿಂದ ಪುಣೆಗೆ ಹೋಗುವ ರೈಲು ಹಾದಿಯಲ್ಲಿದೆ.

ಈ ಕಥೆಯನ್ನು ನಮ್ಮ ಮಕ್ಕಳಿಗೂ ಹೇಳಬೇಕು. ಪಂಚರ್ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗನನ್ನು ಕಂಡರೆ ಮೂಗು ಮುರಿಯುವವರು ನಮ್ಮಲ್ಲಿ ಕಡಿಮೆ ಇಲ್ಲ. ಟ್ಯೂಬನ್ನು ಬಕೆಟ್ ನೀರಲ್ಲಿ ಮುಳುಗಿಸಿ ಎಲ್ಲಿ ಗುಳ್ಳೆ ಏಳುತ್ತದೆ ಎಂದು ನೋಡುವವನಿಗೆ ತಾಳ್ಮೆ ಬೇಕು, ಕಣ್ಣು ಬೇಕು, ಬುದ್ಧಿಯೂ ಬೇಕು.

ಕಟ್ಟೆ ಮಾತು

ಇನ್ನು ಆ ಚಹಾದಂಗಡಿ ಮುಂದಿನ ಮಾತಿಗೆ ಬರೋಣ. ಊರು ಚಿಕ್ಕೋಡಿಯಾದರೂ ಅಥಣಿಯಾದರೂ ಗುಂಪಿನಲ್ಲಿ ಒಬ್ಬ ಮಾಸ್ತರ, ಒಬ್ಬ ಕಬ್ಬಿನ ರೈತ, ಒಬ್ಬ ಅಂಗಡಿಕಾರ, ಸಕ್ಕರೆ ಕಾರ್ಖಾನೆಯ ಒಬ್ಬ ಫಿಟ್ಟರ್ ಇದ್ದೇ ಇರುತ್ತಾರೆ ಎನ್ನಿ. ಮಾತು ಮೊದಲು ಗಾಡಿಯಿಂದಲೇ ಶುರು. ಅಲ್ಲಿ ಸೈಕಲಿಗೂ ಗಾಡಿ ಎಂದೇ ಹೇಳುವುದು.

"ಯಾಕ್ರೀ ಮಾಸ್ತರ, ಇವತ್ತ ಗಾಡಿ ಭಾಳ ಕಿರ್ ಅನ್ನಾಕತ್ತೈತಿ? ಎಣ್ಣಿ ಬಿಟ್ಟಿಲ್ಲೇನು?"

"ಅದು ಗಾಡಿ ಅಲ್ಲೋ, ನನ್ನ ಮೊಣಕಾಲು."

ಹೊಸ ಸೈಕಲ್ ಯಾರಾದರೂ ತಂದರೆ ವಾರಗಟ್ಟಲೆ ಅದೇ ಮಾತು. ಗೇರ್ ಎಷ್ಟು, ಟಯರ್ ಎಷ್ಟು ತೆಳ್ಳಗೆ, ಬ್ರೇಕ್ ಡಿಸ್ಕೋ ರಿಮ್ಮೋ.

"ಇಪ್ಪತ್ತೊಂದು ಗೇರ್ ಅದಾವ ಮಾಮಾ."

"ನಮ್ಮ ಟ್ರ್ಯಾಕ್ಟರಿಗೇ ಅಷ್ಟಿಲ್ಲಲೇ. ಏನು ಇದರ ಹಿಂದ ಡಬ್ಬಿ ಕಟ್ಟಿ ಕಬ್ಬು ಹೇರಾಂವೇನು?"

"ಎಷ್ಟು ಕೊಟ್ಟಿ?"

"ಮನ್ಯಾಗ ಹೇಳಿದ್ದು ಹನ್ನೆರಡು ಸಾವಿರ."

"ಖರೇ ಎಷ್ಟು?"

"ಅದನ್ನೊಂದ ಕೇಳಬ್ಯಾಡ್ರಿ. ನಿಮ್ಮ ಮನಿಯವರೂ ನಮ್ಮ ಮನಿಯವರೂ ಒಂದೇ ಭಿಶಿಯಾಗ ಅದಾರ."

ಭಿಶಿ ಎಂದರೆ ನಮ್ಮ ಕುರಿ ಫಂಡು. ಹೆಂಗಸರು ತಿಂಗಳಿಗೊಮ್ಮೆ ಸೇರುವ ಕಡೆ ಯಾವ ಗುಟ್ಟೂ ಉಳಿಯುವುದಿಲ್ಲ ಎಂಬುದು ಘಟ್ಟದ ಮೇಲೂ ಕೆಳಗೂ ಒಂದೇ.

ಹಳೆಯ ಕರಿ ಸೈಕಲಿನವರದ್ದು ಬೇರೆಯೇ ಗತ್ತು. ಅಟ್ಲಾಸ್, ಹೀರೋ, ಹರ್ಕ್ಯುಲಿಸ್ ಎಂಬ ಹೆಸರು ಹೇಳುವಾಗ ಎದೆ ಸ್ವಲ್ಪ ಮುಂದೆ ಬರುತ್ತದೆ. ತಾಸಿಗಿಷ್ಟು ಎಂದು ಬಾಡಿಗೆ ಸೈಕಲ್ ತಂದು ಒಳಪೆಡಲ್ ಹೊಡೆದು ಮೊಣಕೈ ತರಚಿಕೊಂಡದ್ದು, ಡೈನಮೋ ದೀಪ ಇಲ್ಲದ್ದಕ್ಕೆ, ಡಬಲ್ ಸೀಟ್ ಹೋದದ್ದಕ್ಕೆ ಪೊಲೀಸ್ ಚಕ್ರದ ಗಾಳಿ ಬಿಟ್ಟದ್ದು, ಸೈಕಲಿಗೂ ತೆರಿಗೆ ಕಟ್ಟಿ ಬಿಲ್ಲೆ ಹಾಕಿಸಿಕೊಳ್ಳುತ್ತಿದ್ದದ್ದು, ಊರ ಬಯಲಿನಲ್ಲಿ ಹಗಲೂ ರಾತ್ರಿ ಕೆಳಗಿಳಿಯದೆ ಸುತ್ತು ಹೊಡೆಯುತ್ತಿದ್ದ ಸೈಕಲ್ ಸರ್ಕಸ್ಸಿನವನು ಇವೆಲ್ಲ ಕರಾವಳಿಯ ಹಿರಿಯರೂ ಬಲ್ಲ ಸಂಗತಿಗಳೇ. 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಅಟ್ಲಾಸಿನ ಸಾಹಿಬಾಬಾದ್ ಕಾರ್ಖಾನೆಯ ಬಾಗಿಲು ಮುಚ್ಚಿತು. ಇಂಥ ಹಳೇ ಸೈಕಲಿನವರಿಗೆ ಅದು ಮನೆಯ ಸಾವಿನ ಸುದ್ದಿಯ ಹಾಗೆ.

ಅಥಣಿಯಲ್ಲಿ ಮಾತು ಚಪ್ಪಲಿಗೂ ತಿರುಗುತ್ತದೆ. ಕೊಲ್ಹಾಪುರಿ ಎಂದು ಲೋಕಕ್ಕೆ ಗೊತ್ತಿರುವ ಚರ್ಮದ ಚಪ್ಪಲಿ ಹೊಲಿಯುವ ಕೈಗಳು ಅಥಣಿ, ನಿಪ್ಪಾಣಿ, ರಾಯಬಾಗ ಕಡೆ ಬಹಳ ಇವೆ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜತೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳ ಹೆಸರೂ ಸೇರಿತು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪೆನಿ ಮಿಲಾನಿನ ಫ್ಯಾಶನ್ ಷೋದಲ್ಲಿ ಅಂಥದ್ದೇ ಚಪ್ಪಲಿ ತೋರಿಸಿತು. ಮೊದಲು ಈ ಕಡೆಯವರ ಹೆಸರೇ ಎತ್ತಲಿಲ್ಲ. ಗದ್ದಲ ಎದ್ದ ಮೇಲೆ ಮೂಲ ಭಾರತದ್ದು ಎಂದು ಒಪ್ಪಿತು. ಇಂಥ ಸುದ್ದಿ ಬಂದ ದಿನ ಗುಂಪಿನಲ್ಲಿ ಚಪ್ಪಲಿ ಹಾಕಿ ಪೆಡಲ್ ತುಳಿಯುವವನ ಮರ್ಯಾದೆ ಒಮ್ಮೆಗೇ ಏರುತ್ತದೆ. "ಕಾಲ ಕೆಳಗ ಲಾಖ ರೂಪಾಯಿ, ಗಾಡಿಗೆ ಮಾತ್ರ ಹವಾ ಇಲ್ಲ!"

ನಗೆಯ ಅಡಿಯಲ್ಲಿ ಇರುವುದು

ಕೇಳಿದವರಿಗೆ ಇದು ಬರೀ ಹರಟೆ. ಸ್ವಲ್ಪ ಹೊತ್ತು ನಿಂತರೆ ಅಡಿಯಲ್ಲಿ ಬೇರೆಯೇ ಮಾತು ಹರಿಯುತ್ತಿರುವುದು ಗೊತ್ತಾಗುತ್ತದೆ.

"ಕಾರ್ಖಾನೆ ಬಿಲ್ ಬಂತೇನಪಾ?" "ಬಂದಿದ್ರ ನಾ ಸೈಕಲ್ ಮ್ಯಾಲ ಬರ್ತಿದ್ನೇನು ಕಾಕಾ?" ಇದಕ್ಕೆ ಎಲ್ಲರೂ ನಗುತ್ತಾರೆ. ಆದರೆ ಕಬ್ಬು ಕೊಟ್ಟ 14 ದಿನದೊಳಗೆ ರೈತನಿಗೆ ಹಣ ಕೊಡಬೇಕು ಎಂಬುದು 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಆ ದಿನಗಳು ತಿಂಗಳುಗಳಾದರೆ ಸೊಸೈಟಿ ಸಾಲ, ಮಗಳ ಕಾಲೇಜು, ಗೊಬ್ಬರದ ಅಂಗಡಿಯ ಬಾಕಿ ಎಲ್ಲ ಒಂದರ ಮೇಲೊಂದು ಏರುತ್ತವೆ. 2025ರ ನವೆಂಬರ್‌ನಲ್ಲಿ ಟನ್ನಿಗೆ 3,500 ರೂಪಾಯಿ ಬೇಕೆಂದು ಈ ಸೀಮೆಯ ರೈತರು ರಾಯಬಾಗದ ಪಕ್ಕದ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ದಿನಗಟ್ಟಲೆ ಕೂತಿದ್ದರು. ಕೊನೆಗೆ 3,300ಕ್ಕೆ ಮಾತು ನಿಂತಿತು. ಅಂಥ ದಿನಗಳಲ್ಲಿ ಸೈಕಲ್ ಗುಂಪಿನ ಮಾತೆಲ್ಲ ಅದೇ. ರೈತನೂ ಕಾರ್ಖಾನೆಯ ನೌಕರನೂ ಒಂದೇ ಚಹಾ ಹಂಚಿಕೊಂಡು ಎದುರುಬದುರು ವಾದಿಸುತ್ತಾರೆ. ಮರುದಿನ ಬೆಳಿಗ್ಗೆ ಮತ್ತೆ ಜತೆಯಾಗಿ ತುಳಿಯುತ್ತಾರೆ. ಇಷ್ಟು ಸಲಿಗೆಯ ಜಗಳಕ್ಕೆ ಜಾಗ ಬೇರೆಲ್ಲಿ ಸಿಗುತ್ತದೆ?

ಮಳೆಗಾಲದಲ್ಲಿ ಪ್ರಶ್ನೆ ಬದಲಾಗುತ್ತದೆ. "ಬ್ರಿಜ್ ಮುಳುಗೇತೇನು?" ಮಹಾರಾಷ್ಟ್ರದಲ್ಲಿ ಜೋರು ಮಳೆಯಾದರೆ ಕಲ್ಲೋಳ–ಯಡೂರ ಬ್ಯಾರೇಜು, ಮಲಿಕವಾಡ–ದತ್ತವಾಡ ಸೇತುವೆ, ಕುಡಚಿಯ ಸೇತುವೆ ನೀರಿನಡಿ ಹೋಗುತ್ತವೆ. 2019ರ ಆಗಸ್ಟಿನಲ್ಲಿ ವೇದಗಂಗೆ ಉಕ್ಕಿ ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ಹೆದ್ದಾರಿಯೇ ಬಂದ್ ಆಗಿತ್ತು. ಯಾವ ಹಾದಿ ತೆರೆದಿದೆ, ಯಾರ ಮನೆಗೆ ನೀರು ಬಂತು, ಯಾರ ಎಮ್ಮೆ ಎತ್ತರದ ಜಾಗಕ್ಕೆ ಹೋಗಬೇಕು ಎಂಬ ಖಬರು ಬೆಳಗಿನ ಸೈಕಲಿಗರಿಗೆ ಬೇಗ ಸಿಗುತ್ತದೆ. ನಿಧಾನ ಹೋಗುವವನಿಗೆ ಊರು ಕಾಣುತ್ತದೆ.

ಕಬ್ಬು ನುರಿಸುವ ಹಂಗಾಮಿನಲ್ಲಿ ಭಯ ಬೇರೆ. ಎರಡೆರಡು ಡಬ್ಬಿ ಕಟ್ಟಿಕೊಂಡು, ಹಾಡು ಹಚ್ಚಿಕೊಂಡು ಕತ್ತಲಲ್ಲಿ ಬರುವ ಟ್ರ್ಯಾಕ್ಟರು. 1939ರಲ್ಲಿ ಹುಟ್ಟಿದ ಉಗಾರ ಶುಗರ್ ವರ್ಕ್ಸ್‌ನಿಂದ ಹಿಡಿದು ಈಚಿನ ಕಾರ್ಖಾನೆಗಳ ತನಕ ಎಲ್ಲದಕ್ಕೂ ಕಬ್ಬು ಹೋಗುವುದು ಇದೇ ರಸ್ತೆಗಳ ಮೇಲೆ. ಹಿಂದೆ ಕೆಂಪು ರಿಫ್ಲೆಕ್ಟರ್ ಇಲ್ಲದ ಡಬ್ಬಿ ಸೈಕಲಿಗೂ ಬೈಕಿಗೂ ಯಮ. ಜಾರಿ ಬಿದ್ದ ಕಬ್ಬಿನ ಜಲ್ಲೆ ಇನ್ನೊಂದು ಅಪಾಯ. ಅದು ಕಂಡರೆ ಇಳಿದು ಬದಿಗೆ ಎಳೆದು ಹಾಕಿಯೇ ಮುಂದೆ ಹೋಗುವ ಸೈಕಲಿಗರೂ ಇದ್ದಾರೆ. ದಾರಿಯಲ್ಲಿ ಜನರಿಗೆ ತೊಂದರೆಯಾಗುವ ವಸ್ತುವನ್ನು ತೆಗೆದು ಹಾಕುವುದು ಈಮಾನಿನ ಭಾಗ ಎಂದು ಮದ್ರಸದಲ್ಲಿ ಉಸ್ತಾದರು ಕಲಿಸಿದ್ದು ನಮಗೆಲ್ಲ ನೆನಪಿರಬೇಕು. ನಮ್ಮ ಕಡೆ ಕಬ್ಬಿಲ್ಲ. ತೆಂಗಿನ ಮಡಲು, ಬಾಟಲಿ ಚೂರು, ಜಲ್ಲಿಕಲ್ಲು ಬೇಕಾದಷ್ಟು ಉಂಟು.

ಶರ್ಯತ್ತು

ಈ ಸೀಮೆಯಲ್ಲಿ ಪಂದ್ಯಕ್ಕೆ ಶರ್ಯತ್ತು ಎನ್ನುತ್ತಾರೆ. ಜಾತ್ರೆ ಇರಲಿ, ಉರೂಸ್ ಇರಲಿ, ಎತ್ತಿನ ಗಾಡಿ ಶರ್ಯತ್ತು, ಕುದುರೆ ಗಾಡಿ ಶರ್ಯತ್ತು, ಅದರ ಜತೆ ಸೈಕಲ್ ಶರ್ಯತ್ತು. ಊರ ಹಿರಿಯರು ನಗದು ಬಹುಮಾನ ಇಡುತ್ತಾರೆ. ಹೊಲದ ಕೆಲಸಕ್ಕೆ ಬಳಸುವ ಸೈಕಲಿನ ಮಡ್ಗಾರ್ಡು, ಕ್ಯಾರಿಯರ್ ಬಿಚ್ಚಿಟ್ಟು ಹುಡುಗರು ಓಟಕ್ಕೆ ನಿಲ್ಲುತ್ತಾರೆ. ವಿಜಯಪುರ, ಬಾಗಲಕೋಟೆ, ಜಮಖಂಡಿ ಕಡೆಯಿಂದ ರಾಷ್ಟ್ರಮಟ್ಟದ ಸೈಕಲ್ ಪಟುಗಳು ಬಂದ ಹಿಂದೆ ಇಂಥ ಹಳ್ಳಿ ರಸ್ತೆಗಳಿವೆ. ವಿಜಯಪುರ ಮತ್ತು ಬಾಗಲಕೋಟೆಯ ಕ್ರೀಡಾ ಹಾಸ್ಟೆಲುಗಳು, ರಾಮದುರ್ಗ ತಾಲೂಕಿನ ಚಂದರಗಿ ಕ್ರೀಡಾ ಶಾಲೆ ಇಂಥ ಮಕ್ಕಳನ್ನು ಬೆಳೆಸಿವೆ. ಪದಕ ತಂದವರಿಗೆ ರೈಲ್ವೆಯಲ್ಲೋ ಸೇನೆಯಲ್ಲೋ ಕ್ರೀಡಾ ಕೋಟಾದ ಕೆಲಸ ಸಿಗುತ್ತದೆ. ಒಕ್ಕಲು ಮನೆಯ ಹುಡುಗನಿಗೆ ಇದು ಸಣ್ಣ ಮಾತಲ್ಲ.

ಪಂದ್ಯ ಬೇಡ, ದೂರ ಬೇಕು ಎನ್ನುವವರಿಗೆ ಬ್ರೆವೆ ಎಂಬ ಸವಾರಿ ಉಂಟು. 200 ಕಿಲೋಮೀಟರನ್ನು ಹದಿಮೂರೂವರೆ ತಾಸಿನೊಳಗೆ, 300ನ್ನು 20 ತಾಸಿನೊಳಗೆ ಮುಗಿಸಬೇಕು. ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಒಂದೇ ಮರ್ಯಾದೆ, ಸ್ಥಾನ ಲೆಕ್ಕ ಇಲ್ಲ. ನಿಪ್ಪಾಣಿ ಹತ್ತಿರದ ತವಂದಿ ಘಾಟು ಇಂಥವರಿಗೆ ಒಂದು ಪರೀಕ್ಷೆ. ಹತ್ತುವಾಗ ಎಲ್ಲರ ಬಾಯಿ ಬಂದ್. ಮೇಲೆ ಹತ್ತಿದ ಮೇಲೆ ಮಾತ್ರ ಎಲ್ಲರೂ ಶೂರರು.

ಮಾತೇ ಅಳತೆಗೋಲು

ಹತ್ತುವಾಗ ಬಾಯಿ ಬಂದ್ ಆಗುವುದಕ್ಕೂ ಆರೋಗ್ಯಕ್ಕೂ ಸಂಬಂಧ ಉಂಟು. ವ್ಯಾಯಾಮ ಸರಿಯಾದ ಪ್ರಮಾಣದಲ್ಲಿ ಆಗುತ್ತಿದೆಯೇ ಎಂದು ತಿಳಿಯಲು ವೈದ್ಯರು ಒಂದು ಸುಲಭ ಪರೀಕ್ಷೆ ಹೇಳುತ್ತಾರೆ. ತುಳಿಯುತ್ತಾ ಮಾತಾಡಲು ಆಗಬೇಕು, ಆದರೆ ಹಾಡು ಹೇಳಲು ಆಗಬಾರದು. ಹಾಡು ಹೇಳಲು ಆದರೆ ನೀವು ತುಳಿಯುವುದು ತೀರಾ ನಿಧಾನ. ನಾಲ್ಕು ಮಾತಿಗೇ ಏದುಸಿರು ಬಂದರೆ ಅದು ಕಠಿಣ ವ್ಯಾಯಾಮ. ಹೊಸಬರು ಅಲ್ಲಿಂದ ಶುರು ಮಾಡಬಾರದು. ಎರಡರ ನಡುವಿನ ವೇಗದಲ್ಲಿ ವಾರಕ್ಕೆ ಕನಿಷ್ಠ 150 ನಿಮಿಷ ದೇಹ ಆಡಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ಮಾಡಿದರೆ ಮುಗಿಯಿತು.

ತುಳಿಯುವುದೂ ಮಾತಾಡುವುದೂ ಒಂದೇ ಕೆಲಸ ಎಂದು ಮೊದಲೇ ಹೇಳಿದ್ದು ಇದಕ್ಕೇ. ಅಥಣಿಯ ರಸ್ತೆಯಲ್ಲಿ "ಬಿಲ್ ಬಂತೇನು" ಎಂದು ಕೇಳುತ್ತಾ ತುಳಿಯುವವನಿಗೆ ವ್ಯಾಯಾಮ ಅದರಷ್ಟಕ್ಕೇ ಸರಿಯಾದ ಅಳತೆಯಲ್ಲಿ ಆಗುತ್ತಿರುತ್ತದೆ. ಮಾತು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ದಿನಾ ಮಾತಾಡುವವನು ಒಂದು ದಿನ ಸುಮ್ಮನಾದರೆ ಪಕ್ಕದವನಿಗೆ ತಕ್ಷಣ ಗೊತ್ತಾಗುತ್ತದೆ. "ಯಾಕೋ, ಇವತ್ತ ಸಪ್ಪಗ ಅದೀ?" ಎದೆ ಹಿಡಿದಂತಾಗಿರಬಹುದು, ಬ್ಯಾಂಕಿನ ನೋಟಿಸ್ ಬಂದಿರಬಹುದು, ಮನೆಯಲ್ಲಿ ಮಗ ಮಾತು ಬಿಟ್ಟಿರಬಹುದು. ಎದುರು ಕೂತು ಕೇಳಿದರೆ ಬಾಯಿ ಬಿಡದ ಗಂಡಸರು ಪಕ್ಕಪಕ್ಕದಲ್ಲಿ ರಸ್ತೆ ನೋಡುತ್ತಾ ಹೋಗುವಾಗ ಹೇಳಿಬಿಡುತ್ತಾರೆ.

ಎದೆಯ ವಿಷಯದಲ್ಲಿ ಮಾತ್ರ ತಡ ಮಾಡಬಾರದು. ಎದೆ ಬಿಗಿತ, ಎಡಗೈ ಸೆಳೆತ, ತಣ್ಣನೆ ಬೆವರು ಇದ್ದರೆ ಗ್ಯಾಸು ಎಂದು ಸೋಡಾ ಕುಡಿಸುತ್ತಾ ಕೂರದೆ 108ಕ್ಕೆ ಕರೆ ಮಾಡಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಮತ್ತು ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುವ ಏರ್ಪಾಡು ಉಂಟು. ಸಕ್ಕರೆ ಕಾಯಿಲೆ, ಬಿಪಿ ಇರುವವರು ಸೈಕಲ್ ಹತ್ತುವ ಮೊದಲು ಡಾಕ್ಟರನ್ನು ಒಮ್ಮೆ ಕೇಳುವುದು ಒಳ್ಳೆಯದು.

ನಮ್ಮ ಮನೆಗಳಲ್ಲಿ ಈ ಮಾತಿಗೆ ಇನ್ನೊಂದು ಅರ್ಥ ಉಂಟು. ಇಪ್ಪತ್ತು ಮೂವತ್ತು ವರ್ಷ ಗಲ್ಫಿನಲ್ಲಿ ದುಡಿದು ಊರಿಗೆ ಬಂದವರು ಎಷ್ಟೋ ಮಂದಿ ಜಗಲಿಯಲ್ಲಿ ಒಂಟಿಯಾಗಿ ಕೂತಿದ್ದಾರೆ. ಜತೆಗಾರರು ಅಲ್ಲೇ ಉಳಿದರು. ಮಕ್ಕಳಿಗೆ ಬಾಪನ ಪರಿಚಯ ಫೋನಿನಲ್ಲಿ ಆದದ್ದೇ ಹೆಚ್ಚು. ಔಷಧಿ ಡಬ್ಬಿ ಪಕ್ಕದಲ್ಲಿ, ಮಾತಿಗೆ ಯಾರೂ ಇಲ್ಲ. ಒಂದು ಕಾಲದಲ್ಲಿ ಬಕಾಲದ ಸೈಕಲ್ ತುಳಿದ ಕಾಲುಗಳು ಅವು. ಅವರಿಗೆ ಸೈಕಲ್ ಹೊಸದಲ್ಲ, ಜತೆಗಾರರು ಬೇಕು ಅಷ್ಟೆ.

ಆ ಗುಂಪಿನಲ್ಲಿ ಇಲ್ಲದವರು

ಹರಟೆ ಎಷ್ಟೇ ಸೊಗಸಾಗಿರಲಿ, ಅದರಲ್ಲಿ ಹೆಂಗಸರ ದನಿ ಕಡಿಮೆ. ಅಲ್ಲೂ ಹಾಗೆ, ಇಲ್ಲೂ ಹಾಗೆ. ರಾಜ್ಯ ಸರಕಾರ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗ ಬಯಲು ಸೀಮೆಯ ರಸ್ತೆಗಳಲ್ಲಿ ಎರಡು ಜಡೆಯ ಹುಡುಗಿಯರ ಸಾಲು ಸಾಲು ಕಾಣುತ್ತಿತ್ತು. ಹಳ್ಳಿಯಲ್ಲಿ ಏಳನೆಯ ತರಗತಿಗೆ ನಿಲ್ಲುತ್ತಿದ್ದ ಓದು ಪಕ್ಕದ ಊರಿನ ಹೈಸ್ಕೂಲಿಗೆ ತಲುಪಲು ಅದು ದಾರಿಯಾಯಿತು. ಕೋವಿಡ್ ಕಾಲದಲ್ಲಿ ಸೈಕಲ್ ಹಂಚಿಕೆ ನಿಂತಿತು. ಏರು ಇಳಿತದ ನಮ್ಮ ಊರುಗಳಲ್ಲಿ ಆ ಸೈಕಲುಗಳು ಎಷ್ಟೋ ಮನೆಗಳ ಸೌದೆ ಕೊಟ್ಟಿಗೆ ಸೇರಿ ತುಕ್ಕು ಹಿಡಿದವು. ಅದರಲ್ಲಿ ಗುಡ್ಡೆಯ ತಪ್ಪು ಸ್ವಲ್ಪ, "ಹೆಣ್ಣುಮಗು ಸೈಕಲಿನಲ್ಲಿ ಹೋಗುವುದಾ" ಎಂಬ ನಮ್ಮ ಮಾತಿನ ತಪ್ಪು ಸ್ವಲ್ಪ.

ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜತೆಗೇ ಹಳ್ಳಿ ಹೆಂಗಸರಿಗೆ ಸೈಕಲ್ ಕಲಿಸಿದರು. ಆಗಿನ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಅದಕ್ಕೆ ಬೆನ್ನು ಕೊಟ್ಟರು. ಪತ್ರಕರ್ತ ಪಿ. ಸಾಯಿನಾಥ್ ಅದನ್ನು ವಿವರವಾಗಿ ಬರೆದಿದ್ದಾರೆ. ಕಲಿತವರಲ್ಲಿ ಮುಸ್ಲಿಂ ಯುವತಿಯರೂ ಇದ್ದರು. ಬಸ್ಸಿಗೆ ಕಾಯುವ ಹೊತ್ತು ಉಳಿಯಿತು, ನೀರು ತರುವುದು, ಮಾರಾಟಕ್ಕೆ ಹೋಗುವುದು ಸುಲಭವಾಯಿತು. ಮೊದಲು ಗೇಲಿ ಮಾಡಿದ ಗಂಡಸರು ಆಮೇಲೆ ಸುಮ್ಮನಾದರು. ನಮ್ಮಲ್ಲಿ ಇದಕ್ಕೆ ಜಿಲ್ಲಾಧಿಕಾರಿಯೇ ಬರಬೇಕೆಂದಿಲ್ಲ. ಶಾಲೆಯ ಮೈದಾನ ಇದೆ, ಬೆಳಗಿನ ಹೊತ್ತು ಇದೆ, ಮೈಮುಚ್ಚುವ ಉಡುಪಿನಲ್ಲೂ ತುಳಿಯಬಹುದಾದ ಲೇಡೀಸ್ ಸೈಕಲ್ ಇದೆ.

ಹುಡುಗರ ಕಥೆ ಇದಕ್ಕೆ ಉಲ್ಟಾ. ಮೀಸೆ ಚಿಗುರುವ ಮೊದಲೇ ಕೈಗೆ ಬೈಕಿನ ಕೀ. ಗಲ್ಫಿನಲ್ಲಿರುವ ಬಾಪ ಪ್ರೀತಿಯಿಂದ ಕಳಿಸಿದ ಹಣ, ಬಾಕಿ ಕಂತಿನಲ್ಲಿ. 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯ ಪ್ರಕಾರ 18 ತುಂಬದ ಮಗ ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಗಾಡಿಯ ಮಾಲಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಆಗಬಹುದು. ದಂಡ ಕಟ್ಟಿದರೆ ಮುಗಿಯುತ್ತದೆ. ಆಸ್ಪತ್ರೆಯ ಐಸಿಯು ಬಾಗಿಲಲ್ಲಿ ಕೂತ ಉಮ್ಮಂದಿರಿಗೆ ಅದು ಅಷ್ಟು ಬೇಗ ಮುಗಿಯುವುದಿಲ್ಲ. ಹದಿನೈದರ ಹುಡುಗನಿಗೆ ಒಂದು ಒಳ್ಳೆ ಗೇರ್ ಸೈಕಲ್ ಕೊಡಿಸಿದರೆ ಏರು ಹತ್ತಲೂ ಆಗುತ್ತದೆ, ಹುಮ್ಮಸ್ಸೂ ತೀರುತ್ತದೆ, ಜೀವವೂ ಉಳಿಯುತ್ತದೆ. ತಲೆಗೆ ಹೆಲ್ಮೆಟ್, ಹಿಂದೆ ಕೆಂಪು ದೀಪ ಮರೆಯಬಾರದು.

ಸಲಾಂ ಮೊದಲು ಹೇಳಬೇಕಾದವರು

ಸಲಾಮಿನ ವಿಷಯದಲ್ಲಿ ಪ್ರವಾದಿಯವರು (ಸ) ಕಲಿಸಿದ ಒಂದು ಸಣ್ಣ ಶಿಸ್ತು ಉಂಟು. ಸವಾರಿಯಲ್ಲಿರುವವರು ನಡೆಯುವವರಿಗೆ, ನಡೆಯುವವರು ಕೂತವರಿಗೆ, ಕಡಿಮೆ ಜನ ಹೆಚ್ಚು ಜನರಿಗೆ ಮೊದಲು ಸಲಾಂ ಹೇಳಬೇಕು. ಎತ್ತರದಲ್ಲಿ ಕೂತವನು ತಗ್ಗಿ ಮಾತಾಡಿಸಲಿ ಎಂಬುದು ಅದರ ಸಾರ. ಎಸಿ ಹಾಕಿ ಗಾಜು ಏರಿಸಿದ ಕಾರಿನಲ್ಲಿ ಈ ಸುನ್ನತ್ ಪಾಲಿಸುವುದು ಕಷ್ಟ. ಬೈಕಿನಲ್ಲಿ ಹೋಗುವಾಗ ಸಲಾಂ ಬಾಯಿಂದ ಹೊರಡುವುದರೊಳಗೆ ಮನುಷ್ಯ ಹಿಂದೆ ಉಳಿದಿರುತ್ತಾನೆ. ಸೈಕಲಿನಲ್ಲಿ ಮಾತ್ರ ಸಲಾಂ ಹೇಳಿ, ಉತ್ತರವನ್ನೂ ಕೇಳಿಸಿಕೊಂಡು, "ಮನೆಯಲ್ಲಿ ಹುಷಾರಾ?" ಎಂದು ವಿಚಾರಿಸಲು ಸಮಯ ಸಿಗುತ್ತದೆ.

ಗಡಿಯ ಆ ಐದು ತಾಲೂಕುಗಳ ಬೆಳಗಿನ ಗುಂಪುಗಳಿಂದ ನಾವು ತರಬಹುದಾದ ವಸ್ತು ಇದೊಂದೇ. ಕ್ಲಬ್ಬು, ಟೀಶರ್ಟು, ಬ್ಯಾನರು ಏನೂ ಬೇಡ. ಒಂದು ಮೊಹಲ್ಲಾದಲ್ಲಿ ನಾಲ್ಕು ಜನ ಸಾಕು. ಸುಬಹಿ ಮುಗಿಸಿ ಮಸೀದಿಯ ಅಂಗಳದಿಂದಲೇ ಹೊರಡಬಹುದು, ಪಕ್ಕದ ಮನೆಯ ಪೂಜಾರಿಯವರನ್ನೂ ಚರ್ಚ್ ರಸ್ತೆಯ ಡಿಸೋಜರನ್ನೂ ಕರೆಯಬಹುದು. ವೇಗಿಗಳು ಹಿಂದೆ ಬಿದ್ದವನಿಗಾಗಿ ಕಾಯಲಿ. ಮಾತಾಡುತ್ತಾ ಹೋಗಿ. ಯಾರ ಮಾತಾದರೂ ನಿಂತರೆ ನೀವೂ ನಿಲ್ಲಿಸಿ, ಇಳಿದು ಕೇಳಿ: "ಎಂತ ಇಚ್ಚಾ, ಎಂತ ಆಯ್ತು?"